ಕಲ್ಲು ಮತ್ತು ಶಿಲೆ: ಎಳೆಯರ ಕೈಕಲಿಕೆಯಲ್ಲಿ ಕನ್ನಡದ ಹೊಣೆ

ಬಹುಕಾಲ ಕನ್ನಡದ ಮಗು ಅಕ್ಷರ ಕಲಿತದ್ದು ಕಲ್ಲಿನ ಮೇಲೆ, ಕಲ್ಲಿನಿಂದ. ಸ್ಲೇಟು ಎಂಬುದು ಜೇಡಿಯ ಪದರಗಳು ಭೂಮಿಯೊಳಗಿನ ಒತ್ತಡ ಮತ್ತು ಶಾಖಕ್ಕೆ ಸಿಕ್ಕಿ ಮಾರ್ಪಟ್ಟು, ತೆಳುಹಾಳೆಗಳಾಗಿ ಸೀಳಿಬರುವ ಶಿಲೆ. ಬಳಪವೂ ಅಂತಹುದೇ ಮಾರ್ಪಾಟಿನಿಂದ ಹುಟ್ಟಿದ, ಉಗುರಿಗೂ ಗೀರು ಬೀಳುವಷ್ಟು ಮೆದುವಾದ ಇನ್ನೊಂದು ಶಿಲೆ. ಇಂದು ಸ್ಲೇಟಿನ ಜಾಗಕ್ಕೆ ತಗಡು, ಪ್ಲಾಸ್ಟಿಕ್ಕು ಮತ್ತು ನೋಟುಪುಸ್ತಕಗಳು ಬಂದಿವೆ. ಆದರೆ ಕಲ್ಲಿನ ಸ್ಲೇಟು ಬಳಕೆಯಲ್ಲಿದ್ದ ಕಾಲದಲ್ಲಿಯೂ ಅದರ ಮೇಲೆ 'ಶಿಲೆಗಳಲ್ಲಿ ಮೂರು ವಿಧ' ಎಂದು ಬಳಪದಿಂದ ಬರೆದ ಮಗುವಿಗೆ, ಅದರ ಎರಡು ಕೈಗಳಲ್ಲಿ ಇರುವುದೂ ಶಿಲೆಗಳೇ, ಅವೆರಡೂ ಆ ಮೂರರಲ್ಲಿ ಒಂದೇ ವಿಧಕ್ಕೆ ಸೇರಿದವು ಎಂದು ತಿಳಿಸಿದ ತರಗತಿಗಳು ವಿರಳ. ಹೇಳಿದ ಪದವೂ ಹಿಡಿದ ವಸ್ತುವೂ ಒಂದೇ ಕೋಣೆಯಲ್ಲಿದ್ದು ಪರಸ್ಪರ ಭೇಟಿಯಾಗದೆ ಉಳಿದ ಈ ಸ್ಥಿತಿ ಕೇವಲ ವಿಜ್ಞಾನ ಬೋಧನೆಯ ಸಮಸ್ಯೆಯಲ್ಲ. ಅದು ಭಾಷೆಯ ಸಮಸ್ಯೆಯೂ ಹೌದು. ಆದುದರಿಂದ ಕನ್ನಡ ಅಧ್ಯಯನದ ಸಮಸ್ಯೆಯೂ ಹೌದು.

ಕಳೆದ ಕೆಲವು ದಶಕಗಳಲ್ಲಿ ಪ್ರಾಥಮಿಕ ಶಿಕ್ಷಣದ ಚಿಂತನೆಯಲ್ಲಿ ಚಟುವಟಿಕೆ ಆಧಾರಿತ ಕಲಿಕೆಗೆ ಮಹತ್ವ ದೊರೆತಿದೆ. ೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭಗೊಂಡ ನಲಿ-ಕಲಿ ಪ್ರಯೋಗ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಿಗೆ ವಿಸ್ತರಿಸಿತು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಹೊರಗಿನ ಬದುಕಿಗೂ ಶಾಲೆಯ ಜ್ಞಾನಕ್ಕೂ ನಂಟು ಇರಬೇಕೆಂದು, ಕಲಿಕೆ ಕಂಠಪಾಠದಿಂದ ಬಿಡುಗಡೆ ಹೊಂದಬೇಕೆಂದು ಒತ್ತಿ ಹೇಳಿತು. ಇದಕ್ಕೂ ಬಹಳ ಮೊದಲೇ, ೧೯೭೨ರಲ್ಲಿ, ಮಧ್ಯಪ್ರದೇಶದಲ್ಲಿ ಆರಂಭವಾದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮವು ಪ್ರಯೋಗ ಮಾಡಿ ಕಲಿಯುವ ವಿಜ್ಞಾನವನ್ನು ಹಿಂದಿ ಮಾಧ್ಯಮದ ಸಾಮಾನ್ಯ ಸರ್ಕಾರಿ ಶಾಲೆಗಳಲ್ಲಿಯೇ ಸಾಧ್ಯವಾಗಿಸಿ, ಮೂರು ದಶಕಗಳ ಬಳಿಕ ೨೦೦೨ರಲ್ಲಿ ಸರ್ಕಾರದ ತೀರ್ಮಾನದಿಂದ ನಿಂತುಹೋಯಿತು. ಹೀಗಾಗಿ ಮಕ್ಕಳು ಕೈಯಿಂದ ಕಲಿಯಬೇಕು ಎಂಬ ಮಾತಿಗೆ ಇಂದು ಹೊಸದಾಗಿ ಸಮರ್ಥನೆ ಬೇಕಿಲ್ಲ. ಕೈ ಕೆಲಸ ಮಾಡುವಾಗ ಬಾಯಿ ಯಾವ ಭಾಷೆಯನ್ನು ಆಡಬೇಕು ಎಂಬ ಪ್ರಶ್ನೆ ಮಾತ್ರ ಚರ್ಚೆಯ ಮುನ್ನೆಲೆಗೆ ಬಂದಿಲ್ಲ. ಕಲ್ಲಿನ ಪಾಠವನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಇಲ್ಲಿನ ಉದ್ದೇಶ.

ಮೂರು ಪದಗಳ ಪಾಠ

ಶಿಲೆಗಳ ಪಾಠ ಕನ್ನಡದಲ್ಲಿ ಸಾಮಾನ್ಯವಾಗಿ ಮೂರು ಪಾರಿಭಾಷಿಕ ಪದಗಳಿಂದ ಆರಂಭವಾಗುತ್ತದೆ: ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ. ಇವುಗಳಲ್ಲಿ ಎರಡನೆಯದಕ್ಕೆ ಕಣಶಿಲೆ, ಪದರಶಿಲೆ, ಸಂಚಿತ ಶಿಲೆ ಎಂಬ ಪರ್ಯಾಯಗಳೂ ಬೇರೆ ಬೇರೆ ಪುಸ್ತಕಗಳಲ್ಲಿ ಕಾಣಸಿಗುತ್ತವೆ. ಮೂರು ವಿಧಗಳ ಹೆಸರು, ಪ್ರತಿಯೊಂದಕ್ಕೂ ಎರಡು ಉದಾಹರಣೆ, ಒಂದು ವ್ಯಾಖ್ಯೆ, ಇಷ್ಟಕ್ಕೆ ಪಾಠ ಮುಗಿಯುತ್ತದೆ. ಉದಾಹರಣೆಯಾಗಿ ಬರುವ ಗ್ರಾನೈಟು ಶಾಲೆಯ ಮೆಟ್ಟಿಲಾಗಿ ಬಿದ್ದಿದ್ದರೂ ಅದನ್ನು ಮುಟ್ಟಿ ನೋಡುವ ಪ್ರಸಂಗ ಬರುವುದು ಕಡಿಮೆ.

ಇಲ್ಲಿ ತೊಡಕು ಪದಗಳು ಸಂಸ್ಕೃತಮೂಲದವು ಎಂಬುದಲ್ಲ. ಕನ್ನಡ ಸಂಶೋಧನೆಯಲ್ಲಿ ಪದೇ ಪದೇ ಎದುರಾಗುವ ದೇಸಿ-ಮಾರ್ಗದ ದ್ವಂದ್ವವನ್ನು ಈ ಸಂದರ್ಭಕ್ಕೆ ಯಾಂತ್ರಿಕವಾಗಿ ಹೊಂದಿಸುವುದರಿಂದ ಪ್ರಯೋಜನವಿಲ್ಲ. ತೊಡಕಿರುವುದು, ಅನುಭವದ ಬೆಂಬಲವಿಲ್ಲದೆ ಬಂದ ಪದವು ತನ್ನ ಅಕ್ಷರಾರ್ಥದಿಂದಲೇ ಮಗುವನ್ನು ದಾರಿ ತಪ್ಪಿಸುವುದರಲ್ಲಿ. 'ಅಗ್ನಿಶಿಲೆ' ಎಂದೊಡನೆ ಮಗುವಿಗೆ ತೋರುವುದು ಉರಿಯುವ ಬೆಂಕಿ. ಆ ಶಿಲೆ ಹುಟ್ಟಿದ್ದು ಉರಿಯಿಂದಲ್ಲ, ಕರಗಿದ ಶಿಲಾಪಾಕ ಆರಿ ಗಟ್ಟಿಯಾದುದರಿಂದ. 'ಜಲಜ' ಎಂದರೆ ನೀರಿನಲ್ಲಿ ಹುಟ್ಟಿದ್ದು. ಆದರೆ ಗಾಳಿ ಹೊತ್ತು ತಂದ ಮರಳು ಗಟ್ಟಿಯಾಗಿಯೂ ಅದೇ ವರ್ಗದ ಶಿಲೆ ಆಗಬಲ್ಲದು. ಇನ್ನೊಂದೆಡೆ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲ್ಪಟ್ಟ ಲಾವಾಶಿಲೆಗಳು ನೀರಿನಡಿಯಲ್ಲಿಯೇ ಹೊರಬಂದು ಗಟ್ಟಿಯಾದವು. ಪದದ ಅರ್ಥವನ್ನೇ ನಂಬಿದ ಮಗು ಮರಡಿಹಳ್ಳಿಯ ಕಲ್ಲನ್ನು ಜಲಜವೆಂದು ಕರೆದರೆ ತಪ್ಪು ಮಗುವಿನದಲ್ಲ. ಪಾರಿಭಾಷಿಕ ಪದಕ್ಕೆ ನಿಷ್ಕೃಷ್ಟತೆ ಬರುವುದು ಅದರ ವ್ಯುತ್ಪತ್ತಿಯಿಂದಲ್ಲ, ಅದರ ಹಿಂದೆ ನಿಂತ ವೀಕ್ಷಣೆಯಿಂದ. ವೀಕ್ಷಣೆಯೇ ಇಲ್ಲದ ಕಡೆ ಪದ ಬರಿಯ ವ್ಯುತ್ಪತ್ತಿಯಾಗಿ ಉಳಿಯುತ್ತದೆ.

ಕೈ ಕಲಿಸುವುದು ಏನನ್ನು

ಆರರಿಂದ ಹತ್ತು ವರ್ಷದ ಮಕ್ಕಳ ತರಗತಿಯಲ್ಲಿ ಖರ್ಚಿಲ್ಲದೆ ನಡೆಸಬಹುದಾದ ಕೆಲವು ಚಟುವಟಿಕೆಗಳನ್ನು ಇಲ್ಲಿ ಪರಿಶೀಲಿಸಬಹುದು. ಮೊದಲನೆಯದು ವಿಂಗಡಣೆ. ಪ್ರತಿ ಮಗುವೂ ಮನೆಯ ಸುತ್ತಲಿಂದ ಐದು ಬೇರೆ ಬೇರೆ ಕಲ್ಲುಗಳನ್ನು ತರುತ್ತದೆ. ಶಿಕ್ಷಕರು ಯಾವ ಹೆಸರನ್ನೂ ಹೇಳದೆ, ಹೋಲುವವುಗಳನ್ನು ಒಂದೆಡೆ ಇಡಲು ಸೂಚಿಸುತ್ತಾರೆ. ಒಂದು ಗುಂಪು ಬಣ್ಣದಿಂದ, ಇನ್ನೊಂದು ತೂಕದಿಂದ, ಮತ್ತೊಂದು ನುಣುಪು-ಒರಟುಗಳಿಂದ ವಿಂಗಡಿಸುತ್ತದೆ. ಯಾವ ಆಧಾರದಿಂದ ವಿಂಗಡಿಸಿದಿರಿ ಎಂಬ ಪ್ರಶ್ನೆಗೆ ಉತ್ತರಿಸುವಾಗ ಮಗು ವರ್ಗೀಕರಣದ ತತ್ತ್ವವನ್ನೇ ಮುಟ್ಟಿರುತ್ತದೆ. ಶಿಲೆಗಳು ಮೂರು ವಿಧವಾಗಿ ಪ್ರಕೃತಿಯಲ್ಲಿ ಹೆಸರು ಹೊತ್ತು ಬಿದ್ದಿಲ್ಲ, ಯಾವುದೋ ಆಧಾರವನ್ನು ಆಯ್ದುಕೊಂಡು ಮನುಷ್ಯರೇ ಹಾಗೆ ವಿಂಗಡಿಸಿದ್ದಾರೆ ಎಂಬ ಅರಿವು ಇಲ್ಲಿಂದ ಮೊದಲಾಗುತ್ತದೆ.

ಎರಡನೆಯದು ಗೀರುವ ಪರೀಕ್ಷೆ. ಖನಿಜಗಳ ಗಡಸುತನವನ್ನು ಒಂದರಿಂದ ಇನ್ನೊಂದನ್ನು ಗೀರಿ ಅಳೆಯುವ ಕ್ರಮವನ್ನು ಫ್ರೆಡ್ರಿಕ್ ಮೋಸ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ವ್ಯವಸ್ಥಿತಗೊಳಿಸಿದರು. ಮಗುವಿಗೆ ಬೇಕಾದುದು ತನ್ನ ಉಗುರು ಮತ್ತು ಒಂದು ಕಬ್ಬಿಣದ ಮೊಳೆ ಮಾತ್ರ. ಬಳಪದ ಕಲ್ಲಿಗೆ ಉಗುರು ಸಾಕು. ಸುಣ್ಣಕಲ್ಲಿಗೆ ಮೊಳೆ ಬೇಕು. ಗ್ರಾನೈಟಿನ ಮೇಲೆ ಮೊಳೆ ಎಳೆದಾಗಲೂ ಬೂದುಬಣ್ಣದ ಗೆರೆಯೊಂದು ಕಾಣುತ್ತದೆ. ಆದರೆ ಒದ್ದೆ ಬೆರಳಿನಿಂದ ಒರೆಸಿದರೆ ಅದು ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಅಲ್ಲಿ ಸವೆದದ್ದು ಕಲ್ಲಲ್ಲ, ಮೊಳೆ. ಯಾವುದು ಯಾವುದನ್ನು ಗೀರಿತು ಎಂಬ ಈ ಪ್ರಶ್ನೆ ಮಗುವನ್ನು ತೋರಿಕೆಯಿಂದ ಪರೀಕ್ಷೆಗೆ ಒಯ್ಯುತ್ತದೆ.

ಮೂರನೆಯದು ಒರೆಯುವ ಪರೀಕ್ಷೆ. ಸಂಡೂರಿನ ಕಡೆಯ ಕಬ್ಬಿಣದ ಅದಿರಿನ ತುಂಡು ಕಪ್ಪಾಗಿ ಅಥವಾ ಉಕ್ಕಿನ ಬಣ್ಣದಲ್ಲಿ ಕಾಣಬಹುದು. ಹೊಳಪಿಲ್ಲದ ಒರಟು ಬಿಲ್ಲೆಯ ಬೆನ್ನಿಗೆ ತಿಕ್ಕಿದಾಗ ಅದು ಬಿಡುವ ಗೆರೆ ಕೆಂಗಂದು. ಹೊರಬಣ್ಣ ಮೋಸ ಮಾಡಬಹುದು, ಪುಡಿಯ ಬಣ್ಣ ಮೋಸ ಮಾಡುವುದಿಲ್ಲ ಎಂಬ ಈ ತತ್ತ್ವ ಕನ್ನಡಕ್ಕೆ ಹೊಸತಲ್ಲ. ಅಕ್ಕಸಾಲಿಗರ ಒರೆಗಲ್ಲು ಇದೇ ತತ್ತ್ವದ ಉಪಕರಣ. 'ಒರೆಗೆ ಹಚ್ಚು' ಎಂಬ ನುಡಿಗಟ್ಟನ್ನು ವಿಮರ್ಶಕರು ದಿನನಿತ್ಯ ಬಳಸುತ್ತಾರೆ. ಅದರ ಮೂಲಕ್ರಿಯೆಯನ್ನು ಕಾಣದ ತಲೆಮಾರು ಬೆಳೆಯುತ್ತಿರುವಾಗ, ಒಂದು ಬಿಲ್ಲೆ ಮತ್ತು ಒಂದು ಅದಿರಿನ ತುಂಡು ವಿಜ್ಞಾನದ ಜೊತೆಗೆ ಭಾಷೆಯ ಪಾಠವನ್ನೂ ಮಾಡಬಲ್ಲವು.

ಹುಟ್ಟಿನ ಕತೆಯನ್ನು ತಿಳಿಸಲು ಅಡುಗೆಮನೆಯೇ ಸಾಕು. ಗಾಜಿನ ಶೀಶೆಯಲ್ಲಿ ಮರಳು, ಮಣ್ಣು, ನೀರು ಹಾಕಿ ಅಲುಗಿಸಿಟ್ಟರೆ ಮರಳು ಬೇಗ ತಳ ಸೇರುತ್ತದೆ, ಜೇಡಿ ನಿಧಾನವಾಗಿ ಅದರ ಮೇಲೆ ಕೂರುತ್ತದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಮರಳುಗಲ್ಲಿನಲ್ಲಿ ಕಾಣುವ ಪದರಗಳ ಮೊದಲ ಅರ್ಥ ಈ ಶೀಶೆಯಲ್ಲಿದೆ. ಅಕ್ಕಿಹಿಟ್ಟು ಮತ್ತು ರಾಗಿಹಿಟ್ಟುಗಳ ಎರಡು ಕಣಕಗಳನ್ನು ಒಂದರ ಮೇಲೊಂದಿಟ್ಟು ಒತ್ತಿ ಮಡಚಿ ಕತ್ತರಿಸಿದರೆ ಬಿಳಿ-ಕಂದು ಪಟ್ಟೆಗಳು ಬಾಗಿ ಬಳುಕಿ ಕಾಣುತ್ತವೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯಲ್ಲಿ, ಸುಮಾರು ೩೦೦ ಕೋಟಿ ವರ್ಷಗಳಷ್ಟು ಹಳೆಯದಾದ ನೈಸ್ ಶಿಲೆಯಲ್ಲಿ, ಕಾಣುವ ಪಟ್ಟೆಗಳನ್ನು ಇದು ನೆನಪಿಗೆ ತರುತ್ತದೆ. ನಿಧಾನವಾಗಿ ಹರಳುಗಟ್ಟಿದ ಕಲ್ಲುಸಕ್ಕರೆಯ ದೊಡ್ಡ ಹರಳುಗಳನ್ನೂ ಬೇಗನೆ ಆರಿದ ಬೆಲ್ಲದ ಪಾಕದ ಹರಳಿಲ್ಲದ ನುಣುಪನ್ನೂ ಹೋಲಿಸಿದರೆ, ಭೂಮಿಯೊಳಗೆ ನಿಧಾನವಾಗಿ ಆರಿದ ಗ್ರಾನೈಟಿನಲ್ಲಿ ಕಣಗಳು ಕಣ್ಣಿಗೆ ಕಾಣುವುದೂ ಮೇಲೆ ಬಂದು ಬೇಗ ಆರಿದ ಲಾವಾದಲ್ಲಿ ಕಾಣದಿರುವುದೂ ಊಹೆಗೆ ನಿಲುಕುತ್ತವೆ. ಇವೆಲ್ಲ ಹೋಲಿಕೆಗಳು ಮಾತ್ರ, ಶಿಲೆಯ ಹುಟ್ಟೇ ಅಲ್ಲ ಎಂಬ ಎಚ್ಚರಿಕೆಯನ್ನು ಶಿಕ್ಷಕರು ಮಕ್ಕಳಿಗೂ ತಿಳಿಸಬೇಕು. ಆದರೆ 'ಕಲ್ಲುಸಕ್ಕರೆ', 'ಕಲ್ಲುಪ್ಪು', 'ಶಿಲಾಪಾಕ' ಎಂಬ ಪದಗಳನ್ನು ಕಟ್ಟಿದವರು ಈ ಹೋಲಿಕೆಯನ್ನು ಮೊದಲೇ ಕಂಡಿದ್ದರು ಎನ್ನುವುದು ಗಮನಾರ್ಹ.

ಚಟುವಟಿಕೆಗೂ ಭಾಷೆ ಬೇಕು

ಚಟುವಟಿಕೆ ಎಂಬ ಪದವೂ ಒಂದು ಆಚರಣೆಯಾಗಿಬಿಡುವ ಅಪಾಯವಿದೆ. ಕಲ್ಲುಗಳನ್ನು ತಂದು, ಬಣ್ಣ ಬಳಿದು, ರಟ್ಟಿನ ಮೇಲೆ ಅಂಟಿಸಿ, ಕೆಳಗೆ ಮೂರು ಹೆಸರುಗಳನ್ನು ಬರೆದರೆ ಕಂಠಪಾಠಕ್ಕೆ ಅಲಂಕಾರ ಮಾಡಿದಂತಾಗುತ್ತದೆ ಅಷ್ಟೆ. ಕೈಯ ಅನುಭವ ಅರಿವಾಗಿ ಮಾರ್ಪಡುವುದು ಅದು ಮಾತಿಗೆ ಬಂದಾಗ. ಮಗು ತಾನು ಮುಟ್ಟಿದ್ದನ್ನು ಹೇಳಬೇಕು, ಪಕ್ಕದ ಮಗು ಅದನ್ನು ಒಪ್ಪಬೇಕು ಅಥವಾ ಅಲ್ಲಗಳೆಯಬೇಕು. ಅದಕ್ಕೆ ಸೂಕ್ಷ್ಮವಾದ ವಿವರಣೆಯ ಭಾಷೆ ಬೇಕು. ಕನ್ನಡದಲ್ಲಿ ಆ ಭಾಷೆ ಯಥೇಚ್ಛವಾಗಿದೆ. ನುಣುಪು, ಒರಟು, ತರಿ, ಪದರು, ಎಳೆ, ಬಿರುಕು, ಹಳುಕು, ಹರಳು, ಹೊಳಪು, ಪೊಳ್ಳು, ಗಟ್ಟಿ, ಮೆದು ಎಂಬ ಪದಗಳನ್ನು ಮಗು ಶಾಲೆಗೆ ಬರುವಾಗಲೇ ಹೊತ್ತು ತಂದಿರುತ್ತದೆ. ಕ್ರಿಯಾಪದಗಳಂತೂ ಇನ್ನೂ ನಿಖರ. ಗೀರು, ಕೆರೆ, ಉಜ್ಜು, ತಿಕ್ಕು, ಒರೆ, ಮಸೆ, ಅರೆ, ಬೀಸು, ರುಬ್ಬು, ಕುಟ್ಟು, ಜಜ್ಜು, ಕಟೆ, ಸೀಳು: ಇವುಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲಾಗದು. ಕಲ್ಲಿಗೂ ಕಲ್ಲಿಗೂ, ಕಲ್ಲಿಗೂ ಧಾನ್ಯಕ್ಕೂ, ಕಲ್ಲಿಗೂ ಲೋಹಕ್ಕೂ ನಡುವೆ ನಡೆಯುವ ಬೇರೆ ಬೇರೆ ವ್ಯಾಪಾರಗಳನ್ನು ಇವು ಬೇರ್ಪಡಿಸಿ ಹೇಳುತ್ತವೆ. ಇಂತಹ ಸಂಪತ್ತಿರುವ ಭಾಷೆಯಲ್ಲಿ ಕಲ್ಲಿನ ಪಾಠ ಮೂರು ನಾಮಪದಗಳಿಂದ ಆರಂಭವಾಗಿ ಅಲ್ಲಿಯೇ ಮುಗಿಯುವುದು ವಿಪರ್ಯಾಸ.

ವೃತ್ತಿಗಳ ನೆಲೆಯಲ್ಲಿ ಈ ಸಂಪತ್ತು ಮತ್ತಷ್ಟು ವಿಸ್ತಾರವಾಗಿದೆ. ಬೆಣಚುಕಲ್ಲು, ಸುಣ್ಣಕಲ್ಲು, ಬಳಪದ ಕಲ್ಲು, ಕರಿಕಲ್ಲು, ಮರಳುಗಲ್ಲು, ಕಾಗೆಬಂಗಾರ ಎಂಬವು ವಸ್ತುವಿನ ಗುಣವನ್ನು ಹೇಳುವ ಹೆಸರುಗಳು. ಚಪ್ಪಡಿ, ಜಲ್ಲಿ, ಸೈಜುಗಲ್ಲು ಎಂಬವು ರೂಪವನ್ನು ಹೇಳುತ್ತವೆ. ಒರಳುಕಲ್ಲು, ಬೀಸುಕಲ್ಲು, ಸಾಣೆಕಲ್ಲು ಬಳಕೆಯನ್ನೂ, ವೀರಗಲ್ಲು, ಮಾಸ್ತಿಗಲ್ಲು, ಗಡಿಕಲ್ಲು ಸಾಮಾಜಿಕ ಅರ್ಥವನ್ನೂ ಹೇಳುತ್ತವೆ. ಕೆಂಗಲ್, ನಿಡುಗಲ್, ಸಂಗನಕಲ್ಲು, ಇಳಕಲ್ಲುಗಳಂತಹ ಊರ ಹೆಸರುಗಳಲ್ಲಿ ಕಲ್ಲು ಸ್ಥಳದ ಗುರುತಾಗಿದೆ. ಈ ಪದಗಳ ಹಿಂದೆ ಆಯ್ಕೆಯ ಜ್ಞಾನವೂ ಇದೆ. ಬೀಸುಕಲ್ಲಿಗೆ ಬಳಪದ ಕಲ್ಲನ್ನು ಯಾರೂ ಆಯ್ದುಕೊಳ್ಳಲಿಲ್ಲ, ಏಕೆಂದರೆ ಅದು ಸವೆದು ಹಿಟ್ಟಿನೊಡನೆ ಬೆರೆಯುತ್ತದೆ. ಅದೇ ಮೆದುತನದಿಂದಾಗಿ ಬೇಲೂರು-ಹಳೇಬೀಡುಗಳ ಶಿಲ್ಪಿಗಳು ಅದನ್ನು ಆಯ್ದುಕೊಂಡು ಆಭರಣದ ಎಳೆಯನ್ನೂ ಬಿಡಿಸಿ ಕೆತ್ತಿದರು. ಶಿಲ್ಪಶಾಸ್ತ್ರ ಗ್ರಂಥಗಳು ಕಲ್ಲನ್ನು ತಟ್ಟಿ ನಾದದಿಂದ ಪುಂಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಎಂದು ವಿಂಗಡಿಸುತ್ತವೆ. ಆ ಹೆಸರಿಡುವಿಕೆಯ ಹಿಂದಿನ ಲಿಂಗಭಾವನೆಯನ್ನು ಪ್ರಶ್ನಿಸಬಹುದು. ಆದರೆ ಒಳಬಿರುಕುಳ್ಳ ಕಲ್ಲು ಮಂಕಾಗಿ ನುಡಿಯುತ್ತದೆ ಎಂಬ ವೀಕ್ಷಣೆಯನ್ನು ಮಗು ಇಂದೂ ತರಗತಿಯಲ್ಲಿ ತಟ್ಟಿ ಪರೀಕ್ಷಿಸಬಹುದು.

ಒಂದು ಪದದ ಪ್ರಯಾಣ

ಆಡುನುಡಿಯ ಇಂತಹ ಪದಗಳಿಗೆ ವಿಜ್ಞಾನದಲ್ಲಿ ಸ್ಥಾನವಿಲ್ಲ ಎಂಬ ಭಾವನೆ ವಿದ್ಯಾವಂತರಲ್ಲಿ ಬೇರೂರಿದೆ. ಅದನ್ನು ಅಲುಗಿಸಲು ಒಂದೇ ಪದದ ಚರಿತ್ರೆ ಸಾಕು. ಫ್ರಾನ್ಸಿಸ್ ಬುಕಾನನ್ ೧೮೦೦-೧೮೦೧ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳಲ್ಲಿ ಪ್ರವಾಸ ಮಾಡಿ, ೧೮೦೭ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಮಲಬಾರಿನ ಅಂಗಾಡಿಪುರಂ ಬಳಿ ಅವರು ಒಂದು ವಿಶಿಷ್ಟವಾದ ಕೆಂಪುಕಲ್ಲನ್ನು ಗಮನಿಸಿದರು. ನೆಲದೊಳಗಿರುವಾಗ ಅದು ಕಬ್ಬಿಣದ ಉಪಕರಣದಿಂದ ಸುಲಭವಾಗಿ ಕತ್ತರಿಸಬಹುದಾದಷ್ಟು ಮೆದು, ಗಾಳಿಗೆ ಒಡ್ಡಿದ ಮೇಲೆ ಇಟ್ಟಿಗೆಯಂತೆ ಗಟ್ಟಿ. ಅಲ್ಲಿನ ಹಲವು ನುಡಿಗಳಲ್ಲಿ ಇದನ್ನು 'ಇಟ್ಟಿಗೆಕಲ್ಲು' ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆಂದು ದಾಖಲಿಸಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂಬ ಹೆಸರನ್ನು ಅವರು ರೂಪಿಸಿದರು. ಇಂದು ಆಫ್ರಿಕಾ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾಗಳ ಭೂವಿಜ್ಞಾನಿಗಳೂ ಬಳಸುವ ಈ ಪದ ತಿರುಳಿನಲ್ಲಿ ಕಲ್ಲು ಕಡಿಯುವವರ ನುಡಿಯ ಅನುವಾದ.

ಕನ್ನಡದ 'ಜಂಬಿಟ್ಟಿಗೆ' ಎಂಬ ಪದದಲ್ಲಿಯೂ ಇಟ್ಟಿಗೆ ಇದೆ. ಕರಾವಳಿಯಲ್ಲಿ ಇದೇ ಕಲ್ಲಿಗೆ ಮುರಕಲ್ಲು, ಕೆಂಪುಕಲ್ಲು ಎಂಬ ಹೆಸರುಗಳಿವೆ. ಬೀದರಿನ ಕೋಟೆ ನಿಂತಿರುವುದೂ ಈ ಕಲ್ಲಿನ ಪ್ರಸ್ಥಭೂಮಿಯ ಮೇಲೆಯೇ. ಕರಾವಳಿಯ ಅಥವಾ ಬೀದರಿನ ಶಾಲೆಯ ಮಗುವಿಗೆ ಒಂದು ತುಂಡು ಜಂಬಿಟ್ಟಿಗೆಯನ್ನು ನೀರಿನಲ್ಲಿ ಮುಳುಗಿಸಲು ಕೊಟ್ಟರೆ ಅದರ ತೂತುಗಳಿಂದ ಗುಳ್ಳೆಗಳು ಏಳುತ್ತವೆ. ಮುಳುಗಿಸುವ ಮುನ್ನ ಮತ್ತು ನಂತರ ತಕ್ಕಡಿಯಲ್ಲಿ ತೂಗಿದರೆ ಕಲ್ಲು ನೀರು ಕುಡಿದ ಲೆಕ್ಕ ಸಿಗುತ್ತದೆ. ಗ್ರಾನೈಟಿನ ತುಂಡಿನೊಡನೆ ಹೋಲಿಸಿದಾಗ ಮಳೆನೀರು ಯಾವ ನೆಲದಲ್ಲಿ ಇಂಗುತ್ತದೆ, ಯಾವ ನೆಲದಲ್ಲಿ ಹರಿದುಹೋಗುತ್ತದೆ ಎಂಬ ಪ್ರಶ್ನೆಗೆ ಮಗು ತಾನಾಗಿ ಬರುತ್ತದೆ. ಆ ಹೊತ್ತಿನಲ್ಲಿ ಮನೆಯ ಪದವಾದ ಮುರಕಲ್ಲು, ಪುಸ್ತಕದ ಪದವಾದ ಜಂಬಿಟ್ಟಿಗೆ, ಲೋಕದ ಪದವಾದ ಲ್ಯಾಟರೈಟ್ ಮೂರನ್ನೂ ಕಪ್ಪುಹಲಗೆಯ ಮೇಲೆ ಒಟ್ಟಿಗೆ ಬರೆದರೆ ಅವು ಪರಸ್ಪರ ಸ್ಪರ್ಧಿಗಳಾಗುವುದಿಲ್ಲ. ಒಂದೇ ಕಲ್ಲನ್ನು ತಲುಪುವ ಮೂರು ದಾರಿಗಳಾಗುತ್ತವೆ.

ಯಾರ ಜ್ಞಾನ ಜ್ಞಾನ

ಈ ಚರ್ಚೆಯ ಹಿಂದೆ ಭಾಷೆಗಿಂತ ಗಂಭೀರವಾದ ಸಾಮಾಜಿಕ ಪ್ರಶ್ನೆಯೊಂದಿದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಕಲ್ಲು ಒಡೆಯುವ, ಕೆತ್ತುವ, ಹೊರುವ ಕುಟುಂಬಗಳ ಮಕ್ಕಳು ಕಲಿಯುತ್ತಿದ್ದಾರೆ. ಬಂಡೆಯಲ್ಲಿ ಎಳೆ ಯಾವ ಕಡೆಗೆ ಹರಿದಿದೆ, ಉಳಿ ಎಲ್ಲಿ ಹೂಡಿದರೆ ಅದು ನೇರವಾಗಿ ಸೀಳುತ್ತದೆ, ಸವೆದು ನುಣುಪಾದ ಬೀಸುಕಲ್ಲಿಗೆ ಹೊಸದಾಗಿ ಕಚ್ಚು ಹೊಡೆಯುವುದು ಹೇಗೆ ಎಂಬುದು ಆ ಮನೆಗಳ ದಿನನಿತ್ಯದ ಮಾತು. ಅಂತಹ ಮನೆಯ ಮಗು ತರಗತಿಯಲ್ಲಿ 'ರೂಪಾಂತರ ಶಿಲೆಗೆ ಎರಡು ಉದಾಹರಣೆ ಕೊಡು' ಎಂಬ ಪ್ರಶ್ನೆಗೆ ಮೌನವಾಗಿ ನಿಂತರೆ ಅದನ್ನು ದಡ್ಡ ಮಗುವೆಂದು ಎಣಿಸಲಾಗುತ್ತದೆ. ಕಲ್ಲನ್ನೇ ಕಾಣದೆ ಎರಡು ಹೆಸರುಗಳನ್ನು ಒಪ್ಪಿಸಿದ ಮಗು ಜಾಣ ಮಗುವಾಗುತ್ತದೆ. ಕಲ್ಲಿನ ವೃತ್ತಿಗಳು ಜಾತಿಯೊಡನೆ ಹೆಣೆದುಕೊಂಡಿರುವ ಸಮಾಜದಲ್ಲಿ ಈ ತೀರ್ಪು ಕೇವಲ ಅಂಕಗಳ ತೀರ್ಪಾಗಿ ಉಳಿಯುವುದಿಲ್ಲ. ಮೇಜಿನ ಮೇಲೆ ಕಲ್ಲು ಬಂದ ದಿನ, ಪಾಠದ ಮೊದಲ ಮಾತು ಅಂತಹ ಮಗುವಿನಿಂದಲೇ ಬರಬಹುದು. ಒಂದು ಪಾಠದ ಮಟ್ಟಿಗಾದರೂ ತರಗತಿಯ ಶ್ರೇಣಿ ಬದಲಾಗುವ ಸಾಧ್ಯತೆಯೇ ಕೈಕಲಿಕೆಯ ದೊಡ್ಡ ಸಮರ್ಥನೆ.

ಇದನ್ನು ವೃತ್ತಿಯ ವೈಭವೀಕರಣವೆಂದು ತಿಳಿಯಬಾರದು. ಕಲ್ಲುಗಣಿಯ ದೂಳು ಶ್ವಾಸಕೋಶಕ್ಕೆ ತಗಲಿ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ತರುತ್ತದೆ. ಮಕ್ಕಳನ್ನು ಗಣಿಗೆ ಕರೆದೊಯ್ಯುವುದಾಗಲಿ, ತರಗತಿಯಲ್ಲಿ ಸುತ್ತಿಗೆಯಿಂದ ಒಡೆಸುವುದಾಗಲಿ ಇಲ್ಲಿನ ಸಲಹೆಯಲ್ಲ. ತಂದೆತಾಯಿಯ ದುಡಿಮೆಯಲ್ಲಿರುವ ಅರಿವನ್ನು ಶಾಲೆ ಗೌರವಿಸಬೇಕು. ಆದರೆ ಅದೇ ದುಡಿಮೆಗೆ ಮಗುವನ್ನು ಮರಳಿ ಕಟ್ಟಿಹಾಕಬಾರದು. ಮನೆಯ ನುಡಿಯಿಂದ ಹೊರಟು ಪಾರಿಭಾಷಿಕ ಪದದವರೆಗೆ ಮಗುವನ್ನು ತಲುಪಿಸಿದಾಗ ಮಾತ್ರ ಈ ಎರಡೂ ಹೊಣೆಗಳು ಈಡೇರುತ್ತವೆ.

ಆಕ್ಷೇಪಗಳು

ಈ ನಿಲುವಿಗೆ ಮೂರು ಆಕ್ಷೇಪಗಳು ಬರಬಹುದು. ಒಂದು, ಆಡುನುಡಿಯ ಪದಗಳು ಅಸ್ಪಷ್ಟ ಎಂಬುದು. ಇದರಲ್ಲಿ ಸತ್ಯವಿದೆ. 'ಕಲ್ಲು' ಎಂಬ ಪದ ಶಿಲೆ ಮತ್ತು ಖನಿಜಗಳ ನಡುವಿನ ವ್ಯತ್ಯಾಸವನ್ನು ಗುರುತಿಸುವುದಿಲ್ಲ. ಬೆಣಚುಕಲ್ಲು ಖನಿಜ, ಮರಳುಗಲ್ಲು ಶಿಲೆ, ಹೆಸರಿನಲ್ಲಿ ಎರಡೂ ಕಲ್ಲೇ. ಕರಿಕಲ್ಲು ಎಂದರೆ ವಿಜಯಪುರದ ಕಡೆ ಬಸಾಲ್ಟ್ ಆಗಬಹುದು, ದಕ್ಷಿಣದಲ್ಲಿ ಡಾಲರೈಟ್ ಆಗಬಹುದು. ವ್ಯಾಪಾರಿಗಳು ಅದನ್ನು ಕಪ್ಪು ಗ್ರಾನೈಟ್ ಎಂದು ಮಾರುತ್ತಾರೆ, ಅದು ಗ್ರಾನೈಟೇ ಅಲ್ಲ. ಆದುದರಿಂದಲೇ ಪಾರಿಭಾಷಿಕ ಪದ ಬೇಕು. ಆದರೆ ಅದರ ಅಗತ್ಯ ಮಗುವಿಗೆ ಮನವರಿಕೆಯಾಗುವುದು ಎರಡು ಕರಿಕಲ್ಲುಗಳನ್ನು ಎದುರಿಗಿಟ್ಟು ಅವು ಒಂದೇ ಅಲ್ಲ ಎಂದು ಕಂಡಾಗ. ಮನೆಯ ಪದ ಎಡವುವ ಜಾಗದಲ್ಲಿ ಶಾಸ್ತ್ರದ ಪದ ಹುಟ್ಟಬೇಕು.

ಎರಡನೆಯ ಆಕ್ಷೇಪ, ರಾಜ್ಯಕ್ಕೆಲ್ಲ ಒಂದೇ ಪಠ್ಯಪುಸ್ತಕ ಇರುವಾಗ ಊರಿಗೊಂದು ಪದ ಕಲಿಸುವುದು ಹೇಗೆ ಎಂಬುದು. ವಾಸ್ತವದಲ್ಲಿ ಕಷ್ಟ ಇದಕ್ಕೆ ವಿರುದ್ಧವಾದುದು. ಕಲಬುರಗಿಯಲ್ಲಿ ಶಹಾಬಾದಿನ ಸುಣ್ಣಕಲ್ಲು, ವಿಜಯಪುರದಲ್ಲಿ ಬಸಾಲ್ಟ್, ಬಾಗಲಕೋಟೆಯಲ್ಲಿ ಮರಳುಗಲ್ಲು, ರಾಮನಗರದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಾದ ಬಂಡೆ, ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದಲ್ಲಿ ಕಂಬಗಳಾಗಿ ನಿಂತ ಲಾವಾಶಿಲೆ. ನೆಲವೇ ಒಂದಲ್ಲದಿರುವಾಗ ಉದಾಹರಣೆಗಳನ್ನು ಒಂದೇ ಆಗಿಸುವುದು ಪುಸ್ತಕದ ಅನುಕೂಲವಷ್ಟೆ. ಪುಸ್ತಕ ವಿಧಾನವನ್ನು ಒಂದಾಗಿರಿಸಿ, ವಸ್ತುವನ್ನೂ ಮನೆಯ ಪದವನ್ನೂ ಶಾಲೆಗೆ ಬಿಟ್ಟುಕೊಡಬಹುದು. ಶಹಾಬಾದ್ ಕಲ್ಲಿನ ನೆಲಹಾಸಿರುವ ಶಾಲೆಯಲ್ಲಿ ಅದರ ಪುಡಿಯ ಮೇಲೆ ಶಿಕ್ಷಕರು ನಿಂಬೆರಸ ಹಿಂಡಿ ಗುಳ್ಳೆ ತೋರಿಸುವ ಪ್ರಯೋಗ ಸಹಜ. ಕರಾವಳಿಯಲ್ಲಿ ಜಂಬಿಟ್ಟಿಗೆಗೆ ನೀರು ಕುಡಿಸುವ ಪ್ರಯೋಗ ಸಹಜ.

ಮೂರನೆಯದು, ದೊಡ್ಡ ತರಗತಿ, ಕಡಿಮೆ ಸಮಯ, ಪರೀಕ್ಷೆಯ ಒತ್ತಡ ಎಂಬ ಶಿಕ್ಷಕರ ಅಳಲು. ಇದನ್ನು ಹಗುರವಾಗಿ ಕಾಣಬಾರದು. ಪರೀಕ್ಷೆ ಹೆಸರನ್ನಷ್ಟೇ ಕೇಳುವವರೆಗೆ ತರಗತಿ ಹೆಸರನ್ನಷ್ಟೇ ಕಲಿಸುತ್ತದೆ. 'ಈ ಎರಡು ಕಲ್ಲುಗಳಲ್ಲಿ ಯಾವುದು ಗಟ್ಟಿ, ಹೇಗೆ ತಿಳಿದೆ' ಎಂಬ ಪ್ರಶ್ನೆಗೂ ಅಂಕವಿದ್ದಾಗ ಸಮಯ ತಾನಾಗಿ ಒದಗುತ್ತದೆ.

ಕನ್ನಡ ವಿಭಾಗಗಳ ಪಾಲು

೧೮೯೪ನೆಯ ಇಸವಿ ಈ ಸಂದರ್ಭದಲ್ಲಿ ನೆನಪಿಗೆ ಬರುತ್ತದೆ. ಆ ವರ್ಷ ಮಂಗಳೂರಿನಲ್ಲಿ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನ್ಯಾಘಂಟು ಪ್ರಕಟವಾಯಿತು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ ಸ್ಥಾಪನೆಗೊಂಡು, ರಾಬರ್ಟ್ ಬ್ರೂಸ್ ಫೂಟ್ ಅದರ ಮೊದಲ ಮುಖ್ಯಸ್ಥರಾದರು. ಈ ನಾಡಿನ ಪ್ರಾಚೀನ ಶಿಲಾಸಮೂಹಕ್ಕೆ 'ಧಾರವಾಡ' ಎಂಬ ಹೆಸರನ್ನು ಭೂವಿಜ್ಞಾನದಲ್ಲಿ ಬಳಕೆಗೆ ತಂದವರೂ ಅವರೇ. ಒಂದು ಕಡೆ ನಾಡಿನ ಪದಗಳ ಸಂಗ್ರಹ, ಇನ್ನೊಂದು ಕಡೆ ನಾಡಿನ ಕಲ್ಲುಗಳ ಸಂಗ್ರಹ. ಎರಡೂ ಬೆಳೆದವು. ಆದರೆ ಪ್ರಾಥಮಿಕ ತರಗತಿಯಲ್ಲಿ ಅವು ಕೂಡಿಕೊಳ್ಳಲಿಲ್ಲ.

ಶಿವರಾಮ ಕಾರಂತರು 'ಬಾಲ ಪ್ರಪಂಚ' ಮತ್ತು 'ವಿಜ್ಞಾನ ಪ್ರಪಂಚ' ಸಂಪುಟಗಳಲ್ಲಿ ಒಬ್ಬರೇ ಕೈಹಾಕಿದ ಕೆಲಸವನ್ನು ಸಂಸ್ಥೆಗಳು ಮುಂದುವರಿಸಬೇಕಿದೆ. ಕನ್ನಡ ವಿಭಾಗಗಳಲ್ಲಿ ವೃತ್ತಿಪದಗಳ ಸಂಗ್ರಹ ಹೊಸದಲ್ಲ. ಆದರೆ ಪದವನ್ನು ಕಾಗದದ ಮೇಲೆ ಮಾತ್ರ ಸಂಗ್ರಹಿಸುವ ರೂಢಿಗೆ ಬದಲಾಗಿ, ಕಲ್ಲಿಗೆ ಸಂಬಂಧಿಸಿದ ಪ್ರತಿ ಪದದೊಡನೆ ಆ ಕಲ್ಲಿನ ಒಂದು ತುಂಡನ್ನೂ, ಅದು ಸಿಕ್ಕ ಊರನ್ನೂ, ಹೇಳಿದವರ ವಿವರಣೆಯನ್ನೂ ಸೇರಿಸಿ ಇಡುವುದು ಅಗತ್ಯ. ಭೂವಿಜ್ಞಾನ ವಿಭಾಗದವರು ಆ ತುಂಡನ್ನು ಗುರುತಿಸಿ ಶಾಸ್ತ್ರೀಯ ಹೆಸರನ್ನು ಕೊಡಬಲ್ಲರು. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಒಂದು ತಾಲ್ಲೂಕಿಗೆ ಮಾಡುವ ಇಂತಹ ಸಂಗ್ರಹ, ಒಂದು ಪೆಟ್ಟಿಗೆಯಲ್ಲಿ ಹತ್ತಾರು ಕಲ್ಲುಗಳು ಮತ್ತು ಅವುಗಳ ಹೆಸರಿನ ಪಟ್ಟಿಯಾಗಿ, ಆ ತಾಲ್ಲೂಕಿನ ಶಿಕ್ಷಕರ ಕೈಸೇರಿದರೆ, ಪದಕೋಶವೊಂದು ಗ್ರಂಥಾಲಯದ ಕಪಾಟಿನಿಂದ ಹೊರಗೆ ಬಂದಂತಾಗುತ್ತದೆ. ಶಾಸನ ಅಧ್ಯಯನದಲ್ಲಿಯೂ ಇದೇ ಬಗೆಯ ತಿದ್ದುಪಡಿ ಸಾಧ್ಯ. ಶಾಸನಪಾಠದೊಡನೆ ಕಲ್ಲಿನ ಅಳತೆ, ಅದು ನಿಂತ ಸ್ಥಳ ದಾಖಲಾಗುವುದುಂಟು. ಅದು ಯಾವ ಕಲ್ಲು, ಸ್ಥಳೀಯವೋ ಹೊರಗಿನಿಂದ ತಂದದ್ದೋ ಎಂಬ ವಿವರ ವಿರಳ. ಅಕ್ಷರವನ್ನು ಓದಿ ಕಲ್ಲನ್ನು ಓದದಿರುವ ಅಭ್ಯಾಸ ಮೂರು ಪದಗಳನ್ನು ಒಪ್ಪಿಸುವ ಮಗುವಿನ ಅಭ್ಯಾಸಕ್ಕಿಂತ ಬಹಳ ಭಿನ್ನವಾದುದಲ್ಲ.

ಈ ಕಾರ್ಯಕ್ಕೆ ಅವಸರವೂ ಇದೆ. ಒರಳು, ಬೀಸುಕಲ್ಲುಗಳು ಮನೆಗಳಿಂದ ಹೊರಬಿದ್ದಿವೆ. ಉಳಿ-ಸುತ್ತಿಗೆಗಳ ಜಾಗದಲ್ಲಿ ಯಂತ್ರದ ಗರಗಸಗಳು ಬಂದಿವೆ. ಬಳಕೆ ಹೋದಂತೆ ಪದಗಳೂ ಹೋಗುತ್ತವೆ, ಪದಗಳೊಡನೆ ಅವು ಹೊತ್ತಿದ್ದ ವೀಕ್ಷಣೆಗಳೂ ಹೋಗುತ್ತವೆ. ಕಲ್ಲಿನೊಡನೆ ಬದುಕಿ ಅದರ ಗುಣವನ್ನು ನುಡಿಯಲ್ಲಿ ಹಿಡಿದಿಟ್ಟ ಹಿರಿಯರು ಇನ್ನೂ ಇದ್ದಾರೆ. ಆ ನುಡಿಯನ್ನು ಕೇಳಿಸಿಕೊಳ್ಳಬಲ್ಲ ಮಕ್ಕಳೂ ಶಾಲೆಗಳಲ್ಲಿದ್ದಾರೆ. ಇವರಿಬ್ಬರ ನಡುವೆ ನಿಂತಿರುವ ಶಿಕ್ಷಕರ ಕೈಗೆ ಒಂದು ಕಲ್ಲನ್ನೂ ಅದರ ಹೆಸರನ್ನೂ ಒಟ್ಟಿಗೆ ಕೊಡುವುದು ಕನ್ನಡ ವಿಭಾಗಗಳಿಗೆ ಸಾಧ್ಯವಿರುವ, ಹೆಚ್ಚು ಹಣ ಬೇಡದ ಕೆಲಸ. ಅದು ನಡೆದರೆ ಶಿಲೆ ಎಂಬ ಪದವನ್ನು ಬರೆಯುವ ಮಗು ಅದಕ್ಕೂ ಮೊದಲು ಕಲ್ಲನ್ನು ಕಂಡಿರುತ್ತದೆ.